ಹಳೇ ಗಾಳಿ ದೋಣಿ ಕೊಳ್ಳುವ ಮುಂಚೆ ನಾನು ಏನೇನು ನೋಡಿದೆ

ಗಾಳಿ ತುಂಬಿಸಿ ಉಬ್ಬಿಸುವ ಹಳೇ ದೋಣಿಯ ಮೇಲೆ ಪ್ಯಾಚ್ ಕಂಡರೆ ಹೆಚ್ಚಿನವರು ಹೆದರುತ್ತಾರೆ. ನನಗೆ ಪ್ಯಾಚ್ ದೊಡ್ಡ ವಿಷಯವಲ್ಲ. ತೂತನ್ನು ಮುಚ್ಚಬಹುದು. ಬಟ್ಟೆಯೇ ಕೆಟ್ಟಿದ್ದರೆ, ಜಾಯಿಂಟಿನ ಗಮ್ ಸತ್ತಿದ್ದರೆ ಏನೂ ಮಾಡುವ ಹಾಗಿಲ್ಲ. ಗಂಗೊಳ್ಳಿ ಅಳಿವೆಯ ಒಳಗೆ ಗಾಳ ಹಾಕಲು ನನಗೊಂದು ಸಣ್ಣ ದೋಣಿ ಬೇಕಿತ್ತು. ಗೋವಾದಲ್ಲಿ ಒಂದು ಸಿಕ್ಕಿತು.

ಮೊದಲು ಅದರ ಬಟ್ಟೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದೋ ಹೈಪಲಾನ್ ಎಂಬ ರಬ್ಬರಿನದೋ ಎಂದು ನೋಡಿದೆ. ಹೈಪಲಾನ್ ಬಿಸಿಲು ತಡೆಯುತ್ತದೆ, ಬೆಲೆ ಜಾಸ್ತಿ. ಡ್ಯೂಪಾಂಟ್ ಕಂಪನಿ ಆ ಹೆಸರಿನ ರಬ್ಬರ್ ಮಾಡುವುದನ್ನು 2010ರಲ್ಲೇ ನಿಲ್ಲಿಸಿತು, ಆದರೂ ಜನ ಇನ್ನೂ ಹಾಗೇ ಕರೆಯುತ್ತಾರೆ. ಮಾಲೀಕರನ್ನು ಕೇಳಿ, ಮೂಲೆಯಲ್ಲಿ ಒಂದು ತೊಟ್ಟು ಅಸಿಟೋನ್ ಒರೆಸಿದೆ. ಅಂಟಂಟಾಯಿತು. ಅಂದರೆ ಪಿವಿಸಿ. ಎರಡಕ್ಕೂ ಗಮ್ ಬೇರೆ ಬೇರೆ, ಹಾಗಾಗಿ ಇದು ಗೊತ್ತಿರಲೇಬೇಕು. ಆದರೆ ಅಸಿಟೋನ್ ಮುಟ್ಟದ ಜಾಗವೂ ಕೈಗೆ ಅಂಟಿದರೆ ಅಂಥ ಪಿವಿಸಿ ಬೇಡ. ಬಿಸಿಲಿಗೆ, ಸೆಕೆಗೆ ಅದರ ಆಯುಷ್ಯ ಮುಗಿದಿದೆ ಎಂದರ್ಥ. ಇದು ಅಂಟುತ್ತಿರಲಿಲ್ಲ. ಜಾಯಿಂಟಿನ ಪಟ್ಟಿಯ ಅಂಚಿಗೆ ಉಗುರು ಹಾಕಿ ಎಳೆದೆ, ಏಳಲಿಲ್ಲ.

ಆಮೇಲೆ ಗಾಳಿ. "ನೋಡಿ ಸರ್, ಕಲ್ಲಿನ ಹಾಗಿದೆ" ಎಂದು ಅವರು ಟ್ಯೂಬಿಗೆ ಗುದ್ದಿ ತೋರಿಸಿದರು. ಮಧ್ಯಾಹ್ನದ ಬಿಸಿಲಲ್ಲಿ ಯಾವ ದೋಣಿ ತಾನೇ ಗಟ್ಟಿ ಇರುವುದಿಲ್ಲ? ನಾನು ಗಾಳಿ ಪೂರ್ತಿ ಬಿಡಿಸಿ, ಟ್ಯೂಬಿನೊಳಗೆ ಅಡ್ಡಪರದೆ ಹಾಕಿ ಬೇರೆ ಮಾಡಿದ ಚೇಂಬರುಗಳಲ್ಲಿ ಮೊದಲು ಒಂದನ್ನೇ ತುಂಬಿಸಿದೆ. ಪಕ್ಕದ್ದು ಖಾಲಿ. ಸ್ವಲ್ಪ ಹೊತ್ತಿಗೆ ಖಾಲಿ ಚೇಂಬರ್ ತಾನಾಗಿ ಉಬ್ಬತೊಡಗಿದರೆ ಒಳಗಿನ ಅಡ್ಡಪರದೆ ಸೋರುತ್ತಿದೆ ಎಂದು ಲೆಕ್ಕ. ಹೊರಗಿನ ತೂತಿಗಿಂತ ಇದು ಸಾವಿರ ಪಾಲು ಕೆಟ್ಟದ್ದು. ಒಂದು ಕಡೆ ತೂತಾದರೆ ಪಕ್ಕದ ಚೇಂಬರಿನ ಗಾಳಿಯೂ ಹೋಗುತ್ತದೆ, ಅಲ್ಲಿಗೆ ಕೈ ಹಾಕಿ ರಿಪೇರಿ ಮಾಡುವುದೂ ಕಷ್ಟ. ಎಲ್ಲ ಚೇಂಬರುಗಳನ್ನೂ ಒಂದು ಬಿಟ್ಟು ಒಂದು ಹೀಗೇ ನೋಡಿದೆ.

ಕೊನೆಗೆ ಎಲ್ಲವನ್ನೂ ಗೇಜ್ ಇಟ್ಟು 250 ಮಿಲಿಬಾರ್‌ಗೆ ತುಂಬಿಸಿದೆ. ದೋಣಿಯ ಪ್ಲೇಟಿನ ಮೇಲೆ ಬರೆದಿದ್ದ ಒತ್ತಡ ಅದೇ. ಸಂಜೆ ನೆರಳಲ್ಲಿ ತುಂಬಿಸಿ, ಮರುದಿನ ಅದೇ ಹೊತ್ತಿಗೆ ಅಳೆಯುವುದು ನನ್ನ ಕ್ರಮ. ಬೆಳಿಗ್ಗೆ ನೋಡಿದರೆ ಸುಮ್ನೆ ಗಾಬರಿ. ಗಾಳಿ 10 ಡಿಗ್ರಿ ತಣ್ಣಗಾದರೆ ಸೋರಿಕೆ ಇಲ್ಲದೆಯೇ ಸುಮಾರು 40 ಮಿಲಿಬಾರ್ ಇಳಿಯುತ್ತದೆ. ಒಂದು ದಿನ ಕಾಯಲು ಮಾರುವವರು ಒಪ್ಪದಿದ್ದರೆ ನಾನಂತೂ ವಾಪಸ್ ಬರುತ್ತೇನೆ. ಇವರು ಒಪ್ಪಿದರು. ಮರುದಿನ ಒಂದೇ ಚೇಂಬರ್ ಇಳಿದಿತ್ತು. ಸೋಪಿನ ನೀರು ಹಚ್ಚಿದೆ, ವಾಲ್ವಿನ ಸುತ್ತ ಗುಳ್ಳೆ ಎದ್ದವು. ವಾಲ್ವ್ ಬಿಚ್ಚಿ ಒಳಗಿದ್ದ ಮರಳು ತೊಳೆದು ಹಾಕಿದ ಮೇಲೆ ನಿಂತಿತು.

ಎಂಜಿನ್ ಕೂರಿಸುವ ಹಿಂದಿನ ಹಲಗೆಯೇ ತಕರಾರು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದೆ. ಮೇಲೆಲ್ಲ ಟಣ್ ಟಣ್, ನೀರು ಬಸಿಯುವ ತೂತಿನ ಹತ್ತಿರ ಮಾತ್ರ ದಪ್ ಎಂದಿತು. ಅಲ್ಲಿ ಪ್ಲೈವುಡ್ ನೀರು ಕುಡಿದು ಮೆತ್ತಗಾಗಿತ್ತು. ಹಲಗೆಯನ್ನು ಹಿಂದೆ ಮುಂದೆ ಅಲುಗಾಡಿಸಿದೆ, ಟ್ಯೂಬಿಗೆ ಅಂಟಿಸಿದ ಜಾಗ ಭದ್ರವಾಗಿತ್ತು. ಹಾಗಾಗಿ ಬಿಡಲಿಲ್ಲ, ಬೆಲೆ ಇಳಿಸಿ ಎಂದೆ. ಸ್ವಲ್ಪ ಎಳೆದಾಡಿ ಇಳಿಸಿದರು.

ತಂದದ್ದು ಮಳೆಗಾಲದ ಹೊಸ್ತಿಲಲ್ಲಿ. ಕರಾವಳಿಯ ಆ ತೇವದಲ್ಲಿ ಗಮ್ ಹಿಡಿಯುವುದಿಲ್ಲ, ಮರವೂ ಒಣಗುವುದಿಲ್ಲ. ಹಲಗೆಯ ಕೆಲಸ ದೀಪಾವಳಿ ಕಳೆದ ಮೇಲೆ ಮಾಡಿದೆ.