ಒಂಬತ್ತು ಕತ್ತರಿ, ಹನ್ನೆರಡು ಕಲ್ಲು: ಪಾಠದ ಮನೆಯನ್ನು ಹಗುರ ಮಾಡಿಕೊಂಡ ನನ್ನ ಅನುಭವ

ನಮ್ಮ ಮನೆಯಲ್ಲಿ ಒಂಬತ್ತು ಕತ್ತರಿಗಳಿದ್ದವು. ಮಗನಿಗೆ ಕಾಗದ ಕತ್ತರಿಸಬೇಕಿದ್ದ ಆ ಬೆಳಿಗ್ಗೆ ಒಂದೂ ಸಿಗಲಿಲ್ಲ. ಹುಡುಕಿ ಹುಡುಕಿ ಅರ್ಧ ಗಂಟೆ ಹೋಯಿತು. ಕೊನೆಗೆ ಹಳೇ ವರ್ಕ್‌ಬುಕ್‌ಗಳ ರಾಶಿಯ ಕೆಳಗೆ ಒಂದು ಸಿಕ್ಕಿತು. ಅಷ್ಟರಲ್ಲಿ ಮಗನ ಉತ್ಸಾಹ ಇಳಿದಿತ್ತು, ಚಿಕ್ಕವಳು ಅಳುತ್ತಿದ್ದಳು, ಏನೂ ತಪ್ಪು ಮಾಡದ ದೊಡ್ಡವಳ ಮೇಲೆ ನಾನು ರೇಗಿಬಿಟ್ಟಿದ್ದೆ. ಮಕ್ಕಳ ಜೊತೆ ಕೂತು ಬೆಳಗಿನ ಪ್ರಾರ್ಥನೆ ಮುಗಿಸಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಮನೆಯನ್ನು ಖಾಲಿ ಮಾಡಲೇಬೇಕು ಅಂತ ನಿರ್ಧರಿಸಿದ್ದು ಅವತ್ತೇ. ಆಗ ದೊಡ್ಡವಳಿಗೆ 11, ಮಗನಿಗೆ 7, ಚಿಕ್ಕವಳಿಗೆ 3.

ಹೋಮ್‌ಸ್ಕೂಲಿಂಗ್, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಮಾಡುವ ಮನೆ ತುಂಬಿಕೊಳ್ಳುವ ರೀತಿಯೇ ಬೇರೆ. ಮಕ್ಕಳು ಇಡೀ ದಿನ ಮನೆಯಲ್ಲೇ. ಊಟದ ಮೇಜೇ ಡೆಸ್ಕು, ಅಡುಗೆಮನೆಯ ಸಿಂಕೇ ಲ್ಯಾಬು, ಮಲಗುವ ಕೋಣೆಯ ಕಪಾಟೇ ಲೈಬ್ರರಿ. ಶಾಲೆಯಲ್ಲಾದರೆ ಮಗು ಮುಂದಿನ ಕ್ಲಾಸಿಗೆ ಹೋಗುತ್ತದೆ, ಹಳೇ ಕ್ಲಾಸಿನ ಸಾಮಾನು ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ಎಲ್ಲ ಕ್ಲಾಸುಗಳೂ ಒಂದೇ ಸೂರಿನ ಕೆಳಗೆ. ಜೊತೆಗೆ ‘ಮುಂದಿನ ಮಗುವಿಗೆ ಬೇಕಾಗುತ್ತೆ’ ಅನ್ನುವ ಮಾತು ಬೇರೆ. ಅದು ಸುಳ್ಳೂ ಅಲ್ಲ. ದೊಡ್ಡವಳು ಎಣಿಕೆ ಕಲಿತ ಮಣಿಗಳಲ್ಲೇ ಚಿಕ್ಕವಳೂ ಕಲಿತಳು. ಹಾಗಾಗಿ ‘ಬಳಸದಿದ್ದರೆ ಬಿಸಾಕು’ ಅನ್ನುವ ಸಲಹೆ ನಮ್ಮಂಥ ಮನೆಗೆ ಹಾಗೇ ಹೊಂದುವುದಿಲ್ಲ. ಎರಡು ದಿನದಲ್ಲಿ ಇಡೀ ಮನೆಯ ಸಾಮಾನು ಹೊರಗೆ ಹಾಕಿ ವಿಂಗಡಿಸಿ ಅನ್ನುವುದೂ ಅಷ್ಟೇ. ಸೋಮವಾರ ಬೆಳಿಗ್ಗೆ ಪಾಠ ಇರುತ್ತಲ್ವಾ?

ಮೊದಲ ಎರಡು ವಾರ ನಾನು ಏನನ್ನೂ ಬಿಸಾಕಲಿಲ್ಲ, ಸುಮ್ನೆ ನೋಡಿದೆ. ಒಂದು ಶೆಲ್ಫ್ ಖಾಲಿ ಮಾಡಿಕೊಂಡು, ಪಾಠಕ್ಕೆ ಅಂತ ನಿಜವಾಗಿ ಕೈಗೆ ತೆಗೆದುಕೊಂಡದ್ದನ್ನೆಲ್ಲ ಸಂಜೆ ಅಲ್ಲಿ ಇಡುತ್ತಾ ಹೋದೆ. ಪುಸ್ತಕ, ಸ್ಕೇಲು, ಬಣ್ಣ, ಭೂಪಟ, ಮಣಿ, ಏನೇ ಇರಲಿ. ಎರಡು ವಾರ ಮುಗಿದಾಗ ಆ ಒಂದೇ ಶೆಲ್ಫ್ ಕೂಡ ತುಂಬಿರಲಿಲ್ಲ. ಮೂರು ಮಕ್ಕಳ ಓದು ನಡೆದದ್ದು ಅಷ್ಟರಲ್ಲೇ. ಉಳಿದ ಐದು ಶೆಲ್ಫ್, ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗಳು, ಬಾಗಿಲ ಹಿಂದಿನ ಚೀಲಗಳು ಯಾರಿಗಾಗಿ ಇದ್ದವು?

ಅವು ಇದ್ದದ್ದು ನನಗಾಗಿ. ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು. ಗಣಿತಕ್ಕೇ ನಾಲ್ಕು ಬಗೆಯ ಪಠ್ಯಕ್ರಮ ಇತ್ತು ನನ್ನ ಹತ್ತಿರ. ಒಂದು ನಡೆಯುತ್ತಿರುವಾಗಲೇ ಇನ್ನೊಂದು ತಂದಿದ್ದೆ. ಎಲ್ಲಿ ನಾನು ಕಲಿಸಿದ್ದು ಸಾಲದೇ ಹೋಗುತ್ತೋ, ಶಾಲೆಗೆ ಕಳಿಸದೇ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನೋ ಅನ್ನುವ ಅಂಜಿಕೆ. ಪ್ರತಿ ಹೊಸ ಪುಸ್ತಕ ಆ ಅಂಜಿಕೆಗೆ ಒಂದು ವಾರ ಸಮಾಧಾನ ಕೊಡುತ್ತಿತ್ತು. ಆಮೇಲೆ ಕಪಾಟಿನಲ್ಲಿ ನಿಂತು ‘ನನ್ನನ್ನು ಇನ್ನೂ ತೆರೆದಿಲ್ಲ’ ಅಂತ ದಿನಾ ನೆನಪಿಸುತ್ತಿತ್ತು.

ಆ ದಿನಗಳಲ್ಲಿ ಮಕ್ಕಳ ಜೊತೆ ಬೈಬಲ್‌ನ ವಿಮೋಚನಕಾಂಡ ಓದುತ್ತಿದ್ದೆವು. 16ನೇ ಅಧ್ಯಾಯದಲ್ಲಿ ಮನ್ನದ ಕಥೆ, ಅಂದರೆ ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರದ ಕಥೆ ಬರುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಓಮೆರ್, ಅದು ಆಗಿನ ಕಾಲದ ಒಂದು ಅಳತೆ. ಜಾಸ್ತಿ ಕೂಡಿಸಿದವರಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆ ಆಗಲಿಲ್ಲ. ನಾಳೆಗೆ ಇರಲಿ ಅಂತ ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಈ ಕಥೆಯನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅವತ್ತು ಮಾತ್ರ ಓದುತ್ತಾ ಓದುತ್ತಾ ಗಂಟಲು ಕಟ್ಟಿತು. ಹಿಂದಿನ ದಿನವಷ್ಟೇ ಮಂಚದ ಕೆಳಗಿನ ಪೆಟ್ಟಿಗೆ ತೆಗೆದಿದ್ದೆ. ರಟ್ಟು ತೇವ ಹೀರಿಕೊಂಡಿತ್ತು. ‘ಮುಂದಕ್ಕೆ ಬೇಕಾಗುತ್ತೆ’ ಅಂತ ಇಟ್ಟಿದ್ದ ಪುಸ್ತಕಗಳ ಬೆನ್ನಿನ ಅಂಟನ್ನು ಹುಳ ತಿಂದಿತ್ತು, ಪಿನ್ನುಗಳು ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಕಲೆ ಬಿಟ್ಟಿದ್ದವು.

ಸುಸಾನಾ ವೆಸ್ಲಿಯವರ ಬದುಕೂ ಆಗ ತುಂಬಾ ನೆನಪಾಗುತ್ತಿತ್ತು. ಮೆಥಡಿಸ್ಟ್ ಕ್ರೈಸ್ತ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯವರ ತಾಯಿ. ಹೆತ್ತದ್ದು 19 ಮಕ್ಕಳನ್ನು, ಬದುಕಿ ಬೆಳೆದದ್ದು 10. ಮಕ್ಕಳಿಗೆ ಮನೆಯಲ್ಲೇ ತಾವೇ ಓದು ಕಲಿಸಿದರು. 1709ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿದ್ದ ಅವರ ಮನೆಗೆ ಬೆಂಕಿ ಬಿದ್ದು, ಪುಸ್ತಕ, ಕಾಗದ ಪತ್ರ ಎಲ್ಲಾ ಸುಟ್ಟುಹೋಯಿತು. ಐದು ವರ್ಷದ ಜಾನ್‌ನನ್ನು ಮೇಲಿನ ಕಿಟಕಿಯಿಂದ ಇಳಿಸಿ ಉಳಿಸಿಕೊಂಡರು. ಮಕ್ಕಳು ಕೆಲಕಾಲ ಬೇರೆ ಬೇರೆ ಮನೆಗಳಲ್ಲಿ ಇರಬೇಕಾಯಿತು. ಮತ್ತೆ ಒಟ್ಟಾದ ಮೇಲೆ ಆ ತಾಯಿ ಪಾಠ ಶುರು ಮಾಡಿದರು, ಬೇಕಾದ ಕೆಲವು ಪಾಠಗಳನ್ನು ಕೈಯಾರೆ ಬರೆದೂ ಕೊಟ್ಟರು. ನನ್ನ ಗಣಿತದ ನಾಲ್ಕು ಸೆಟ್ಟುಗಳ ಮುಂದೆ ನೆಲದ ಮೇಲೆ ಕೂತು ನಾನು ಯೋಚಿಸಿದ್ದು ಅವರನ್ನೇ. ಮೂರು ಸೆಟ್ ಅವತ್ತೇ ಹೊರಗೆ ಹೋದವು.

ಕೆಲಸದ ಸಮಯ ಅಂದರೆ ಮಧ್ಯಾಹ್ನ ಚಿಕ್ಕವಳು ಮಲಗಿದ ಮೇಲೆ 20 ನಿಮಿಷ, ಅಷ್ಟೇ. ಟೈಮರ್ ಹೊಡೆದರೆ ನಿಲ್ಲಿಸುತ್ತಿದ್ದೆ. ಒಂದು ದಿನಕ್ಕೆ ಒಂದು ಡ್ರಾಯರ್ ಅಥವಾ ಅರ್ಧ ಶೆಲ್ಫ್. ಮುಗಿಸಲಾಗದಷ್ಟು ಸಾಮಾನನ್ನು ನೆಲಕ್ಕೆ ಸುರಿಯುವುದೇ ಇಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಅಡುಗೆಮನೆ, ಬಟ್ಟೆ ಬೇಗ ಮುಗಿದವು. ಒಣಗಿದ ಸ್ಕೆಚ್ ಪೆನ್ನು, ಗಟ್ಟಿಯಾದ ಗೋಂದು, ತುಂಡು ಕಾಣೆಯಾದ ಪಜಲ್, ಇವಕ್ಕೆ ಯೋಚನೆಯೇ ಬೇಡ. ವಿಜ್ಞಾನದ ಪೆಟ್ಟಿಗೆಯಲ್ಲಿ ಮಾತ್ರ ಹುಷಾರು. ನಮ್ಮದರಲ್ಲಿ ಹಳೇ ಸೆಲ್‌ಗಳು ಸೋರಿ ಬಿಳಿ ಪುಡಿ ಕಟ್ಟಿತ್ತು. ಅದು ಚರ್ಮ ಸುಡಬಲ್ಲ ಕ್ಷಾರ, ಬರಿಗೈಯಲ್ಲಿ ಮುಟ್ಟಬಾರದು. ಗ್ಲೌಸ್ ಹಾಕಿಕೊಂಡು ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಡಬ್ಬಿ ಉಳಿಸಿಕೊಂಡೆ. ದೊಡ್ಡವಳಿಗೆ ಅದೇ ಅವತ್ತಿನ ವಿಜ್ಞಾನ ಪಾಠವಾಯಿತು.

ಈಗ ಒಂದು ತಪ್ಪನ್ನು ಹೇಳಬೇಕು.

ಮಗ ಒಂದು ಒಡಂಬಡಿಕೆಯ ಮಂಜೂಷ ಮಾಡಿದ್ದ, ಇಸ್ರಾಯೇಲ್ಯರು ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನು ಇಟ್ಟಿದ್ದ ಪೆಟ್ಟಿಗೆಯ ಮಾದರಿ. ವಿಮೋಚನಕಾಂಡ 25ರಲ್ಲಿ ಅದರ ಅಳತೆ ಇದೆ: ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದೂವರೆ ಮೊಳ ಎತ್ತರ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ ಅಂತ ಹೇಳಿದ್ದೆ. ಅವನು ತನ್ನದೇ ಕೈಯನ್ನು ರಟ್ಟಿನ ಮೇಲೆ ಇಟ್ಟು ಅಳೆದ. ಅರ್ಧ ಮೊಳಕ್ಕೆ ನೂಲು ಹಿಡಿದು, ಮಡಚಿ, ಗುರುತು ಹಾಕಿದ. ಹಳದಿ ಬಣ್ಣ ಬಳಿದ. ಎರಡು ಪೆನ್ಸಿಲ್‌ಗಳೇ ಹೊರುವ ಕೋಲುಗಳು. ಮುಚ್ಚಳದ ಮೇಲಿನ ಕೆರೂಬಿಗಳ (ದೇವದೂತರ) ರೆಕ್ಕೆ ಒಂದು ವಾರದಲ್ಲೇ ಬಿದ್ದುಹೋಗಿತ್ತು. ಆರು ತಿಂಗಳಿಂದ ಆ ಪೆಟ್ಟಿಗೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ದಾರಿಗೂ ಅಡ್ಡ ಬರುತ್ತಿತ್ತು. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅದನ್ನು ಮಡಚಿ ಹಳೇ ಕಾಗದದ ಜೊತೆ ಕಟ್ಟಿ ಹೊರಗೆ ಹಾಕಿಬಿಟ್ಟೆ.

ನಾಲ್ಕು ದಿನ ಅವನು ಕೇಳಲಿಲ್ಲ. ಐದನೇ ದಿನ ಬಂದು, “ಅಮ್ಮಾ, ನನ್ನ ಮಂಜೂಷ ಎಲ್ಲಿ? ತಂಗಿಗೆ ತೋರಿಸಬೇಕು” ಅಂದ.

ಹೇಳಿದೆ. ಅವನು ಅಳಲಿಲ್ಲ. “ಅದು ನನ್ನ ಕೈಯಷ್ಟೇ ಇತ್ತು ಅಮ್ಮಾ” ಅಂತ ಮೊಣಕೈ ಹಿಡಿದು ತೋರಿಸಿ ಸುಮ್ಮನಾದ. ಮಂಡಿಯೂರಿ ಅವನ ಹತ್ತಿರ ಕ್ಷಮೆ ಕೇಳಿದೆ. ಸಂಜೆ ಪ್ರಾರ್ಥನೆಯಲ್ಲೂ ಎಲ್ಲರ ಎದುರು ಹೇಳಿದೆ. ಮಕ್ಕಳಿಗೆ ಪ್ರಾಮಾಣಿಕತೆ ಕಲಿಸುತ್ತಾ ಅವರು ನಿದ್ದೆ ಮಾಡುವಾಗ ಅವರ ವಸ್ತು ಎತ್ತಿ ಹಾಕುವುದು ತಪ್ಪು, ಎಷ್ಟೇ ಧೂಳು ಹಿಡಿದಿರಲಿ. ಅವತ್ತಿನಿಂದ ಮಕ್ಕಳ ವಸ್ತುವನ್ನು ಮಕ್ಕಳಿಲ್ಲದೆ ಮುಟ್ಟಿಲ್ಲ.

ಹಾಗಾದರೆ ಎಲ್ಲವನ್ನೂ ಇಟ್ಟುಕೊಳ್ಳುವುದಾ? ಚಿತ್ರ, ಮೊದಲ ಅಕ್ಷರ, ಎಲೆ ಅಂಟಿಸಿದ ನೋಟ್‌ಬುಕ್ಕು, ಒಂದು ವರ್ಷಕ್ಕೆ ಒಂದು ಮಗುವಿನದೇ ಎರಡು ಚೀಲ. ಉತ್ತರ ನನಗೆ ಸಿಕ್ಕಿದ್ದು ಬೈಬಲ್‌ನ ಯೆಹೋಶುವ ಪುಸ್ತಕದ 4ನೇ ಅಧ್ಯಾಯದಲ್ಲಿ. ಇಸ್ರಾಯೇಲ್ಯರು ಯೊರ್ದನ್ ದಾಟಿದಾಗ ಹೊಳೆಯ ನಡುವಿನಿಂದ ಕಲ್ಲು ತಂದು ನಿಲ್ಲಿಸುತ್ತಾರೆ, ಕುಲಕ್ಕೊಂದರಂತೆ 12. ಮುಂದೆ ಮಕ್ಕಳು ‘ಈ ಕಲ್ಲುಗಳು ಏನು?’ ಅಂತ ಕೇಳಿದಾಗ ಹೇಳಲಿಕ್ಕೆ ಒಂದು ಕಥೆ ಇರಬೇಕು, ಅದಕ್ಕೆ. ಹೊಳೆಯ ಕಲ್ಲನ್ನೆಲ್ಲ ಹೊತ್ತು ತರಲಿಲ್ಲ. ಮನ್ನದ ಕಥೆಯಲ್ಲೂ ಅಷ್ಟೇ, ಮುಂದಿನ ತಲೆಮಾರು ನೋಡಲಿ ಅಂತ ತೆಗೆದಿಟ್ಟದ್ದು ಒಂದೇ ಒಂದು ಓಮೆರ್.

ಹಾಗಾಗಿ ನಮ್ಮ ಮನೆಯಲ್ಲಿ ವರ್ಷಕ್ಕೆ ಒಬ್ಬೊಬ್ಬರಿಗೆ 12 ಕಲ್ಲು. ಒಂದು ಫೈಲು, ಹನ್ನೆರಡು ವಸ್ತು. ಆರಿಸುವುದು ಮಗುವೇ. ವರ್ಷದ ಕೊನೆಗೆ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಒಂದೊಂದಾಗಿ ಎತ್ತಿ ಕೇಳುತ್ತೇನೆ: “ಇದರ ಕಥೆ ಏನು?” ಕಥೆ ಬಂದರೆ ಅದು ಕಲ್ಲು. ಅಚ್ಚರಿ ಏನಂದರೆ ಮಕ್ಕಳು ಚೆಂದದ್ದನ್ನು ಆರಿಸುವುದಿಲ್ಲ. ದೊಡ್ಡವಳು ನಾನು ಮೆಚ್ಚಿದ್ದ ಜಲವರ್ಣವನ್ನು ಪಕ್ಕಕ್ಕೆ ಸರಿಸಿ, ಭಾಗಾಕಾರ ತಪ್ಪಿ ತಪ್ಪಿ ಅಳಿಸಿ ತೂತು ಬಿದ್ದಿದ್ದ ಒಂದು ಹಾಳೆ ಇಟ್ಟುಕೊಂಡಳು. “ಅವತ್ತು ಅರ್ಥ ಆಯ್ತಲ್ಲ ಅಮ್ಮಾ, ಅದು ಇದೇ ಹಾಳೆ.” ದೊಡ್ಡ ಮಾದರಿಗಳ ಫೋಟೋ ತೆಗೆದು, ಮಾಡಿದವರನ್ನೂ ಪಕ್ಕದಲ್ಲಿ ನಿಲ್ಲಿಸಿ, ಆ ಫೋಟೋವನ್ನು ಒಂದು ಕಲ್ಲಾಗಿ ಲೆಕ್ಕ ಹಿಡಿಯುತ್ತೇವೆ. ಒಂದು ಎಚ್ಚರಿಕೆ: ಹೋಮ್‌ಸ್ಕೂಲಿಂಗ್‌ಗೆ ದಾಖಲೆ ಇಡಬೇಕು ಅನ್ನುವ ಕಾನೂನು ಇರುವ ಕಡೆ ಹಾಜರಿ, ಪಾಠದ ಪಟ್ಟಿ, ಮಾದರಿ ಉತ್ತರ ಪತ್ರಿಕೆಗಳನ್ನು ಈ ಹನ್ನೆರಡಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆ ಫೈಲು ಬೇಕು. ಎಷ್ಟು ವರ್ಷ ಇಡಬೇಕು ಅನ್ನುವುದನ್ನು ನಿಮ್ಮಲ್ಲಿನ ನಿಯಮ ನೋಡಿಯೇ ತೀರ್ಮಾನಿಸಿ.

ನನಗೆ ಕೈ ನಡುಗಿದ್ದು ಬೈಬಲ್‌ಗಳ ಕಪಾಟಿನಲ್ಲಿ. ಲೆಕ್ಕ ಹಾಕಿದರೆ 14. ಬಹುಮಾನಕ್ಕೆ ಬಂದವು, ಉಡುಗೊರೆ ಬಂದವು, ಮಕ್ಕಳ ಚಿತ್ರದ ಬೈಬಲ್‌ಗಳು, ಬೆನ್ನು ಕಿತ್ತು ಹಾಳೆ ಉದುರುವವು. ವಚನ ಬರೆದ ಕಾರ್ಡುಗಳಂತೂ ಎಲ್ಲಾ ಡ್ರಾಯರ್‌ನಲ್ಲೂ. ದೇವರ ವಾಕ್ಯವನ್ನು ಕಸಕ್ಕೆ ಹಾಕುವುದಾ ಅಂತ ಮನಸ್ಸು ಹಿಂಜರಿಯುತ್ತದೆ. ಯೆಹೂದ್ಯರಲ್ಲಿ ಇದಕ್ಕೊಂದು ಪದ್ಧತಿ ಇದೆ. ದೇವರ ಹೆಸರಿರುವ ಹಳೇ ಬರಹಗಳನ್ನು ಗೆನೀಜಾ ಅನ್ನುವ ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಕೈರೋದ ಬೆನ್ ಎಜ್ರಾ ಸಭಾಮಂದಿರದ ಗೆನೀಜಾದಲ್ಲಿ ಶತಮಾನಗಳಿಂದ ಉಳಿದಿದ್ದ ಲಕ್ಷಗಟ್ಟಲೆ ತುಣುಕುಗಳು ಇವತ್ತು ವಿದ್ವಾಂಸರಿಗೆ ದೊಡ್ಡ ಭಂಡಾರ. ಬೈಬಲ್‌ನಲ್ಲಿ ನಮಗೆ ಅಂಥ ಆಜ್ಞೆ ಇಲ್ಲ. ವಾಕ್ಯ ಇರಬೇಕಾದದ್ದು ಹೃದಯದಲ್ಲಿ, ಕಾಗದ ಕಾಗದವೇ. ಆದರೂ ಮಕ್ಕಳು ನೋಡುತ್ತಿರುತ್ತಾರೆ, ಗೌರವದಿಂದ ಮಾಡಬೇಕು ಅನ್ನಿಸಿತು. ಓದಲು ಬರುವವನ್ನು ಬೇಕಾದವರಿಗೆ ಕೊಟ್ಟೆವು. ಚಿತ್ರದವು ಸಂಡೇ ಸ್ಕೂಲಿಗೆ ಹೋದವು. ತೀರಾ ಜೀರ್ಣವಾದ ಎರಡನ್ನು ಬಟ್ಟೆಯಲ್ಲಿ ಸುತ್ತಿ, ಗಿಡದ ಬುಡದಲ್ಲಿ ಹೂತು, ಒಂದು ಕೀರ್ತನೆ ಹೇಳಿ ಬಂದೆವು. ನನ್ನ ಅಪ್ಪ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ ಬೈಬಲ್ ಮಾತ್ರ ನನ್ನ ತಲೆದಿಂಬಿನ ಹತ್ತಿರ ಇದೆ. ಅದು ನನ್ನ ಕಲ್ಲು.

ಕೊಡುವುದರ ಬಗ್ಗೆ ಒಂದು ಮಾತು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತ ಸ್ನಾನಿಕ ಯೋಹಾನ ಹೇಳಿದ್ದು ಬೈಬಲ್‌ನ ಲೂಕ 3ರಲ್ಲಿದೆ. ಹರಿದ ಅಂಗಿಯನ್ನಲ್ಲ. ಅರ್ಧ ಬರೆದ ವರ್ಕ್‌ಬುಕ್, ಚಕ್ರ ಇಲ್ಲದ ಗಾಡಿ ಚೀಲಕ್ಕೆ ತುಂಬಿ ಚರ್ಚಿನ ಬಾಗಿಲಲ್ಲಿಟ್ಟು ಬಂದರೆ ನಮ್ಮ ಕಸ ವಿಂಗಡಿಸುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಿದ ಹಾಗೆ. ನಾನು ಪ್ರತಿ ಪಜಲ್ ಜೋಡಿಸಿ ನೋಡಿ, ಪ್ರತಿ ಗುಂಡಿ ಹೊಲಿದು, ಯಾರಿಗೆ ಬೇಕು ಅಂತ ಮೊದಲೇ ಕೇಳಿ ಕೊಟ್ಟೆ. ಮಕ್ಕಳೂ ಜೊತೆಗೆ ಬಂದರು.

ಆಟಿಕೆ ಕಡಿಮೆ ಮಾಡಿದರೆ ಚಿಕ್ಕವಳು ಗಲಾಟೆ ಮಾಡುತ್ತಾಳೆ ಅಂದುಕೊಂಡಿದ್ದೆ, ಮಾಡಲಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 16 ಆಟಿಕೆ ಮುಂದಿದ್ದಾಗಿನದಕ್ಕಿಂತ 4 ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಮ್ಮವಳೂ ಹಾಗೇ. ಕೆಲವನ್ನು ಹೊರಗಿಟ್ಟು ಉಳಿದವನ್ನು ಮುಚ್ಚಿಟ್ಟು, ತಿಂಗಳಿಗೊಮ್ಮೆ ಬದಲಿಸುತ್ತೇನೆ.

ಒಟ್ಟು ಏಳು ತಿಂಗಳು ಹಿಡಿಯಿತು. ಈಗ ಶನಿವಾರ ಸಂಜೆ ಎಲ್ಲರೂ ಸೇರಿ ಅರ್ಧ ಗಂಟೆ ಮೇಜು, ಶೆಲ್ಫ್ ಸರಿ ಮಾಡುತ್ತೇವೆ. ಏಳನೇ ದಿನ ವಿಶ್ರಾಂತಿ ಅಂತ ಇಸ್ರಾಯೇಲ್ಯರು ಆರನೇ ದಿನವೇ ಎರಡು ದಿನದ ಮನ್ನ ಕೂಡಿಸಿಟ್ಟ ಹಾಗೆ, ಭಾನುವಾರ ಯಾವ ಕೆಲಸವೂ ಕಣ್ಣಿಗೆ ಬೀಳಬಾರದು ಅಂತ. ನಮ್ಮ ಮನೆಯವರು ಮಕ್ಕಳ ಬೂಟು ಜೋಡಿಸುತ್ತಾರೆ, ದೊಡ್ಡವಳು ಪುಸ್ತಕ. ಕತ್ತರಿ ಎರಡೇ ಇವೆ, ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ.

ಮಗನಿಗೆ ಈಗ ಒಂಬತ್ತು. ಹೋದ ತಿಂಗಳು ಒಂದು ದೊಡ್ಡ ರಟ್ಟು ಎಳೆದುಕೊಂಡು ಬಂದು ಮತ್ತೆ ಕೈ ಇಟ್ಟು ಅಳೆಯಲು ಕೂತ. ಹಳೆಯ ನೂಲು ಅವನ ಫೈಲಿನಲ್ಲೇ ಇತ್ತು, ಆ ವರ್ಷದ ಹನ್ನೆರಡರಲ್ಲಿ ಒಂದು. ಅದನ್ನು ತೆಗೆದು ಈಗಿನ ಅಳತೆಯ ಪಕ್ಕ ಹಿಡಿದ. “ಅಮ್ಮಾ, ಮೊಳ ಬೆಳೆದಿದೆ, ಈ ರಟ್ಟು ಸಾಲಲ್ಲ” ಅಂದ. ಇಬ್ಬರೂ ಸೇರಿ ಇನ್ನೊಂದು ರಟ್ಟು ಅಂಟಿಸಿದೆವು. ಬಣ್ಣ ಒಣಗಿದ ಮೇಲೆ ಎಲ್ಲಿಡುವುದು ಅಂತ ಅವನು ನನ್ನ ಮುಖ ನೋಡಿದ. ಗಣಿತದ ಮೂರು ಸೆಟ್ಟುಗಳಿದ್ದ ಶೆಲ್ಫ್ ಖಾಲಿ ಇತ್ತು. ಅಲ್ಲಿಟ್ಟೆವು.