ಒಂದು ಪಾತ್ರೆ ಬಸ್ಸಾರು, ಎರಡು ಬುತ್ತಿ

ಕೋಲಾರದ ನಮ್ಮ ಮನೆಯಿಂದ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ನಾನು ದಿನವೂ ಹೋಗಿಬರುತ್ತೇನೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್. ಎರಡು ವರ್ಷ ಮಧ್ಯಾಹ್ನದ ಊಟ ಹೊರಗೇ ಆಯಿತು. ದಿನಕ್ಕೆ 80 ರೂಪಾಯಿ, ತಿಂಗಳಿಗೆ 25 ದಿನವೆಂದರೆ 2,000. ತಟ್ಟೆ ತುಂಬ ಬಿಳಿ ಅನ್ನ, ನೀರಾದ ಸಾಂಬಾರು. ಮೂರು ಗಂಟೆಗೆ ಕಣ್ಣು ಎಳೆಯುತ್ತಿತ್ತು, ಐದಕ್ಕೆ ಮತ್ತೆ ಹಸಿವು. ಹಣಕ್ಕಿಂತ ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಮೊದಲ ದಿನ ಮುದ್ದೆಯನ್ನೇ ಕಟ್ಟಿಕೊಂಡು ಹೋದೆ. ಒಂದು ಗಂಟೆಗೆ ಮುಚ್ಚಳ ತೆಗೆದಾಗ ಮೇಲೆ ಚಕ್ಕೆ ಕಟ್ಟಿತ್ತು, ಸಾರಿನಲ್ಲಿ ಅದ್ದಿದರೂ ಗಂಟಲಲ್ಲಿ ಇಳಿಯಲಿಲ್ಲ. ರಾಗಿಯನ್ನು ಬಿಡಲು ಮನಸ್ಸಾಗದೆ ರೊಟ್ಟಿಗೆ ಬಂದೆ. ತಣ್ಣೀರಿನಲ್ಲಿ ಕಲಸಿದ ರೊಟ್ಟಿಯೂ ಮಧ್ಯಾಹ್ನಕ್ಕೆ ಬಿರುಸಾಗಿರುತ್ತಿತ್ತು. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಕುದಿಯುವ ನೀರಿಗೆ ಹಿಟ್ಟು ಸುರಿದು, ಮುಚ್ಚಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ನಾದಿದರೆ ಹಿಟ್ಟು ಅರೆಬೆಂದು ಅಂಟು ಬರುತ್ತದೆ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ತಟ್ಟಿದ ಈ ರೊಟ್ಟಿ ಒಂದು ಗಂಟೆಗೂ ಮೆತ್ತಗಿರುತ್ತದೆ.

ಜೊತೆಗೆ ಏನು ಎಂಬ ಪ್ರಶ್ನೆ ಬಗೆಹರಿಸಿದವರು ಅಮ್ಮ. "ರಾತ್ರಿಗೆ ಸಾರು ಆಯಿತು, ಬಸಿದ ಕಾಳನ್ನು ನಾಳೆಗೆ ಎತ್ತಿಡಪ್ಪಾ" ಎಂದರು. ಅಂದಿನಿಂದ ವಾರಕ್ಕೆ ಮೂರು ದಿನ ನಮ್ಮ ಮನೆಯಲ್ಲಿ ಬಸ್ಸಾರು. ಬೆಳಿಗ್ಗೆ ಒಂದು ಪಾವು ಹುರುಳಿ ನೆನೆಹಾಕಿ ಹೊರಡುತ್ತೇನೆ. ಬರುವಾಗ ಎರಡು ಕಟ್ಟು ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ಹೊಲದಂಚಿನಿಂದ ಆರಿಸಿ ತಂದು ಮಾರುವ ಹೆಂಗಸರ ಬಳಿ ಅಣ್ಣೆ ಸೊಪ್ಪು, ದಂಟು, ಹೊನಗೊನೆ ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಕಾಳು ಬೆಂದ ಮೇಲೆ ಸೊಪ್ಪು ಹಾಕಿ ಒಂದು ಕುದಿ, ನಂತರ ಬಸಿಯುವುದು. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ರಾತ್ರಿಯ ಮುದ್ದೆಗೆ ಸಾರು. ಸೊಪ್ಪು ಕಾಳು ತಣ್ಣಗಾದ ಕೂಡಲೇ ಫ್ರಿಜ್‌ಗೆ. ಬೆಳಿಗ್ಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಚೆನ್ನಾಗಿ ಬಿಸಿ ಮಾಡಿದರೆ ನನಗೂ ಹೆಂಡತಿಗೂ ಪಲ್ಯ ಸಿದ್ಧ. ಡಬ್ಬಿಯಲ್ಲಿ ಅರ್ಧ ನಿಂಬೆಹಣ್ಣು ಇಟ್ಟುಕೊಳ್ಳುತ್ತೇನೆ. ಹುಳಿ ಬೆರೆತರೆ ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ.

ರಾಗಿಹಿಟ್ಟು, ಎಣ್ಣೆ, ಗ್ಯಾಸ್ ಎಲ್ಲ ಸೇರಿಸಿ ಬರೆದಿಟ್ಟು ನೋಡಿದೆ. ಒಂದು ಬುತ್ತಿ 25 ರೂಪಾಯಿ ದಾಟಲಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದ ಅಂಶ, ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಪಾಲೂ ಇಲ್ಲ. ಇಷ್ಟು ಒಳ್ಳೆಯ ಧಾನ್ಯ ಬೆಳೆಯುವ ಊರಿನಲ್ಲಿದ್ದು ಎರಡು ವರ್ಷ ಬರೀ ಅನ್ನ ಉಂಡೆನಲ್ಲ ಎಂದು ಈಗಲೂ ನೋವಾಗುತ್ತದೆ.

ಒಂದು ಮಾರ್ಚ್ ತಿಂಗಳಲ್ಲಿ ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸಿ, ಇಡೀ ಡಬ್ಬಿ ಚೆಲ್ಲಬೇಕಾಯಿತು. ಬೇಸಿಗೆಯಲ್ಲಿ ಈಗ ಹಸಿ ಕಾಯಿಯನ್ನು ಬುತ್ತಿಗೆ ಸೇರಿಸುವುದಿಲ್ಲ. ಹುಚ್ಚೆಳ್ಳು ಚಟ್ನಿಪುಡಿ ಸಾಕು. ಬಿಸಿ ರೊಟ್ಟಿಯನ್ನು ಹಾಗೆಯೇ ಮುಚ್ಚಿದರೂ ಹಬೆ ನೀರಾಗಿ ಅಡಿಯೆಲ್ಲ ತೊಯ್ದುಹೋಗುತ್ತದೆ. ಫ್ಯಾನಿನ ಕೆಳಗೆ ಆರಲು ಬಿಟ್ಟು ಬಟ್ಟೆಯಲ್ಲಿ ಸುತ್ತುತ್ತೇನೆ.

ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ಬಿದ್ದ ವಾರ ಎರಡು ಕಿಲೋ ತಂದು, ಎಣ್ಣೆ ಬಿಡುವವರೆಗೆ ಬಾಡಿಸಿ ಗೊಜ್ಜು ಮಾಡುತ್ತೇನೆ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ತಡವಾಗಿ ಎದ್ದ ದಿನ ಅನ್ನಕ್ಕೆ ಕಲಸಿದರಾಯಿತು. ಚಳಿಗಾಲದಲ್ಲಿ ಹುರುಳಿಯ ಜಾಗಕ್ಕೆ ಅವರೆಕಾಳು ಬರುತ್ತದೆ. ಹಿತಕಿದ ಬೇಳೆಯನ್ನು ಮಾತ್ರ ಡಬ್ಬಿಗೆ ಹಾಕಲು ನನಗೆ ಮನಸ್ಸಿಲ್ಲ. ಭಾನುವಾರ ಅಮ್ಮನ ಪಕ್ಕ ಕೂತು ಹಿತಕಿ, ಅದೇ ಮಧ್ಯಾಹ್ನ ಬಿಸಿ ಮುದ್ದೆಯ ಜೊತೆ ಮನೆಯಲ್ಲೇ ಉಣ್ಣುತ್ತೇವೆ.