ಆಷಾಢದಲ್ಲಿ ಸೈಟು ನೋಡಲು ಬನ್ನಿ

ನಮ್ಮ ಕಸುಬಿಗೆ ಆಷಾಢ ಅಂದರೆ ಬರಗಾಲ. ಯಾರೂ ಟೋಕನ್ ಕೊಡುವುದಿಲ್ಲ, ಯಾರೂ ರಿಜಿಸ್ಟ್ರೇಷನ್ ಇಟ್ಟುಕೊಳ್ಳುವುದಿಲ್ಲ. ಗೃಹಪ್ರವೇಶವಂತೂ ಇಲ್ಲವೇ ಇಲ್ಲ. ಶಿವಮೊಗ್ಗದ ನನ್ನ ಜೊತೆಯ ಬ್ರೋಕರ್‌ಗಳು ಈ ತಿಂಗಳು ಧರ್ಮಸ್ಥಳ, ಶೃಂಗೇರಿ ಅಂತ ಹೊರಡುತ್ತಾರೆ. ನಾನು ಪ್ಯಾಂಟನ್ನು ಮಂಡಿವರೆಗೆ ಮಡಚಿ, ಕೊಡೆ ಹಿಡಿದು, ನಾನೇ ಮಾರಿದ ಸೈಟುಗಳ ಸುತ್ತ ಅಲೆಯುತ್ತೇನೆ. ನೀರು ಎಲ್ಲಿ ನಿಂತಿದೆ, ಯಾವ ಕಡೆಯಿಂದ ಬಂತು, ಯಾವ ಮೋರಿ ಕಟ್ಟಿಕೊಂಡಿದೆ ಅಂತ ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಇದಕ್ಕೆ ಆಷಾಢದ ಹುಚ್ಚು ಅಂತ ಹೆಸರಿಟ್ಟಿದ್ದಾರೆ.

ಹುಚ್ಚು ಹಿಡಿದದ್ದು ನನ್ನ ತಪ್ಪಿನಿಂದಲೇ.

ನಾನು ಮೊದಲು ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವವರು ನನ್ನ ಅಂಗಡಿ ಮುಂದೆಯೇ ಹಾದು ಹೋಗಬೇಕಿತ್ತು. ದಿನವಿಡೀ ಕ್ರಯಪತ್ರ, ಪಹಣಿ, ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ), ಖಾತೆ ಇವುಗಳ ಪ್ರತಿ ತೆಗೆದು ತೆಗೆದು ಕಾಗದ ಓದುವುದು ಅಭ್ಯಾಸವಾಯಿತು. ಎಲ್ಲಿ ತಂಗಿಯ ಸಹಿ ಬಿಟ್ಟುಹೋಗಿದೆ, ಎಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಗಡಿ, ತಪ್ಪಾಗಿದೆ ಅಂತ ಪ್ರತಿ ಕೊಡುವಾಗಲೇ ಗೊತ್ತಾಗುತ್ತಿತ್ತು. ಬಂದವರು "ಎಲ್ಲಾದ್ರೂ ಸೈಟ್ ಇದ್ರೆ ಹೇಳಿ ಮಾರಾಯ್ರೆ" ಅನ್ನುತ್ತಿದ್ದರು. ಹೇಳಿದೆ. ಎರಡು ಕಡೆಯಿಂದಲೂ ಶೇಕಡಾ ಒಂದು ಕಮಿಷನ್ ಬಂತು. ಜೆರಾಕ್ಸಿನಲ್ಲಿ ಒಂದು ವರ್ಷ ದುಡಿದರೂ ಅಷ್ಟು ಉಳಿಯುತ್ತಿರಲಿಲ್ಲ. ಅಷ್ಟೇ, ಬ್ರೋಕರ್ ಆದೆ.

ಆಮೇಲೊಂದು ಮಾರ್ಚ್‌ನಲ್ಲಿ ಒಬ್ಬ ಮೇಷ್ಟ್ರಿಗೆ 30-40ರ ಸೈಟು ಕೊಡಿಸಿದೆ. ಪೂರ್ವಕ್ಕೆ ಮುಖ, ಕಾಗದವೆಲ್ಲ ಚೊಕ್ಕ. ಅಲಿನೇಷನ್, ಅಂದರೆ ಕೃಷಿ ಜಮೀನನ್ನು ಮನೆ ಕಟ್ಟಲು ಬದಲಾಯಿಸುವ ಆದೇಶ, ಆಗಿತ್ತು, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇತ್ತು. ನೆಲ ಹುರಿದ ಹಪ್ಪಳದ ಹಾಗೆ ಒಣಗಿತ್ತು. ಮೇಷ್ಟ್ರು ಪಿ.ಎಫ್. ಹಣ, ಬ್ಯಾಂಕ್ ಸಾಲ ಎಲ್ಲ ಸೇರಿಸಿ ಮನೆ ಕಟ್ಟಿದರು. ಮರುವರ್ಷ ಪುನರ್ವಸು ಮಳೆ ಹಿಡಿಯಿತು. ಬೆಳಿಗ್ಗೆ ಹಾಲಿಗೆ ಅಂತ ಹೋದಾಗ ಬೂತಿನ ಹತ್ತಿರ ಯಾರೋ ಹೇಳಿದರು, ಮೇಷ್ಟ್ರ ಮನೆಗೆ ನೀರು ನುಗ್ಗಿದೆ ಅಂತ.

ಹೋಗಿ ನೋಡಿದೆ. ನೀರು ಇಳಿದಿತ್ತು. ಅಕ್ಕಿ ಮೂಟೆ ಮಂಚದ ಮೇಲೆ, ಮಂಚ ಇಟ್ಟಿಗೆಗಳ ಮೇಲೆ. ಅವರ ಮನೆಯವರು ಕಸಬರಿಗೆಯಲ್ಲಿ ಕೆಸರು ತಳ್ಳುತ್ತಿದ್ದರು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. "ಬನ್ನಿ ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಅಂದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ನಡುಮನೆಯ ಗೋಡೆಯಲ್ಲಿ ಕೆಸರಿನ ಕಲೆ ಎಲ್ಲಿಯವರೆಗೆ ಇತ್ತೋ ಅಲ್ಲಿ ಒಂದು ಗೆರೆ ಎಳೆದರು. ಪಕ್ಕದಲ್ಲಿ ತಾರೀಖು ಬರೆದರು. ಮಕ್ಕಳು ಎಷ್ಟು ಉದ್ದ ಬೆಳೆದರು ಅಂತ ಗುರುತು ಹಾಕುತ್ತಾರಲ್ಲ, ಹಾಗೆ. ಬೈದಿದ್ದರೆ ವಾಸಿಯಿತ್ತು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಬೆಂಗಳೂರಿನಲ್ಲಾದರೆ ಸೈಟು ಮಾರಿದವನು ಮತ್ತೆ ಸಿಗುವುದಿಲ್ಲವೇನೋ. ಇಲ್ಲಿ ಹಾಗಾಗುವುದಿಲ್ಲ. ಕೊಂಡವರು ಹಾಲಿನ ಬೂತಿನಲ್ಲಿ ಸಿಗುತ್ತಾರೆ, ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಸಿಗುತ್ತಾರೆ, ಕೋಟೆ ಮಾರಿಕಾಂಬೆ ಜಾತ್ರೆಯ ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿರುತ್ತಾರೆ. ಕಮಿಷನ್ ತಿಂದವನು ಮುಖ ತಪ್ಪಿಸಿಕೊಂಡು ಎಷ್ಟು ದಿನ ಓಡಾಡುತ್ತಾನೆ?

ನೀರು ಯಾಕೆ ಬಂತು ಅಂತ ಹುಡುಕಿದೆ. ನಮ್ಮ ಊರಿನ ಸುತ್ತ ಹೊಸ ಬಡಾವಣೆಗಳು ಎದ್ದಿರುವುದು ಹೆಚ್ಚಾಗಿ ಗದ್ದೆ ಬಯಲಿನಲ್ಲಿ. ಗದ್ದೆ ಅಂದರೆ ನೀರು ನಿಲ್ಲಲಿ ಅಂತಲೇ ಹಿರಿಯರು ಬದು ಕಟ್ಟಿ ಮಾಡಿದ ಜಾಗ. ಮೇಲೆ ಎರಡು ಲೋಡು ಮಣ್ಣು ಸುರಿದು ಕಲ್ಲು ನೆಟ್ಟರೆ ನೀರಿಗೆ ಮರೆವು ಬರುತ್ತದೆಯೇ? ಸರ್ವೆ ಇಲಾಖೆಗೆ ಹೋಗಿ ಹಳೆಯ ಗ್ರಾಮ ನಕ್ಷೆ ತೆಗೆಸಿದೆ. ಮೇಷ್ಟ್ರ ಮನೆಯ ಹಿಂದಿನ ಬೀದಿಯಲ್ಲಿ ಒಂದು ಹಳ್ಳ ಇರುವುದನ್ನು ನಕ್ಷೆ ತೋರಿಸುತ್ತಿತ್ತು. ಕೆರೆಗೆ ನೀರು ಒಯ್ಯುತ್ತಿದ್ದ ಹಳ್ಳ. ಬಿ ಖರಾಬು, ಅಂದರೆ ಸರ್ಕಾರದ್ದು, ಯಾರೂ ಮಾರುವ ಹಾಗಿಲ್ಲ. ಈಗ ಅಲ್ಲಿ ಒಂದು ಅಡಿಯ ಸಿಮೆಂಟ್ ಪೈಪು, ಅದರ ಮೇಲೆ ರಸ್ತೆ, ಪಕ್ಕದಲ್ಲಿ ಎರಡು ಕಾಂಪೌಂಡು.

ನಾನು ಕ್ರಯಪತ್ರ ನೋಡಿದ್ದೆ, ಮೂವತ್ತು ವರ್ಷದ ಇ.ಸಿ. ನೋಡಿದ್ದೆ. ನೆಲವನ್ನು ನೋಡಿರಲಿಲ್ಲ.

ಅಲ್ಲಿಂದ ನಾನು ಆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಹೋಗತೊಡಗಿದೆ. ನನ್ನ ಮನೆ ಅಲ್ಲಿಲ್ಲ, ಎರಡು ರಸ್ತೆ ಆಚೆ. ಮೊದಲ ಸಭೆಯಲ್ಲೇ ಒಬ್ಬರು ಕೇಳಿದರು, "ನಿಮಗ್ಯಾಕ್ರೀ ಇದೆಲ್ಲ? ಮೋರಿ ಸರಿ ಹೋದ್ರೆ ಉಳಿದ ಸೈಟಿನ ರೇಟು ಏರುತ್ತೆ ಅಂತ ಅಲ್ವಾ?" ಒಂದು ಕ್ಷಣ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲ. "ಹೌದು ಸಾರ್, ನನಗೂ ಲಾಭ ಇದೆ. ಆದ್ರೆ ಮೇಷ್ಟ್ರ ಮನೆ ಮುಂದೆ ದಿನಾ ಹಾದು ಹೋಗೋದೂ ನಾನೇ" ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಅವತ್ತಿನಿಂದ ಮೂರು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಯಾವ ಸಂಘದಲ್ಲೂ ಪದಾಧಿಕಾರಿ ಆಗುವುದಿಲ್ಲ. ಚಂದಾ ದುಡ್ಡು ಮುಟ್ಟುವುದಿಲ್ಲ. ಪಾರ್ಕಿನ ಬೆಂಚಿನ ಮೇಲೆ ನನ್ನ ಹೆಸರು, ಫೋನ್ ನಂಬರು ಬರೆಸುವುದಿಲ್ಲ. ಕೊನೆಯದನ್ನು ಪಾಲಿಸುವುದೇ ಕಷ್ಟ. ಬೆಂಚಿನ ಮೇಲೆ ಹೆಸರು ಇದ್ದರೆ ಎಷ್ಟು ಗಿರಾಕಿ ಬರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನಿಂದ ಆಗುವುದು ಕಾಗದದ ಕೆಲಸ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಬರೆದಿಟ್ಟ ದಾಖಲೆ), ಬಡಾವಣೆಯ ಮಂಜೂರಾದ ನಕ್ಷೆ ಮೂರನ್ನೂ ದೃಢೀಕರಿಸಿದ ಪ್ರತಿ ಮಾಡಿಸಿದೆ. ಸಿಗದ ಒಂದು ಹಾಳೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಇಂಥ ಅರ್ಜಿಯಲ್ಲಿ ಕಷ್ಟ ಸುಖ ಬರೆದು ಪ್ರಯೋಜನವಿಲ್ಲ. ಸರ್ವೆ ನಂಬರು, ಖರಾಬಿನ ವಿಸ್ತೀರ್ಣ ಎಷ್ಟು ಗುಂಟೆ, ನಕ್ಷೆಯಲ್ಲಿ ಹಳ್ಳ ಎಲ್ಲಿಂದ ಎಲ್ಲಿಗೆ, ಇಷ್ಟು ಬರೆದರೆ ಯಾವ ಎಂಜಿನಿಯರೂ "ನೋಡೋಣ" ಅಂತ ಸಾಗಹಾಕಲು ಆಗುವುದಿಲ್ಲ. ಸಾಗಹಾಕಿದರೂ ಮುಂದಿನ ಎಂಜಿನಿಯರಿಗೆ ಅದೇ ಅರ್ಜಿ ಕೊಡಬಹುದು. ನಾವು ಮೂವರು ಎಂಜಿನಿಯರ್‌ಗಳಿಗೆ ಕೊಟ್ಟೆವು. ನಾಲ್ಕನೇ ಮಳೆಗಾಲಕ್ಕೆ ಮೊದಲು ಪೈಪು ಕಿತ್ತು ಸ್ಲ್ಯಾಬಿನ ಮೋರಿ ಆಯಿತು. ಒಂದು ಕಾಂಪೌಂಡು ಹಿಂದೆ ಸರಿಯಿತು, ಇನ್ನೊಂದು ಇನ್ನೂ ಅಲ್ಲೇ ಇದೆ.

ನನಗೂ ಪೆಟ್ಟು ಬಿತ್ತು. ಆ ಬಡಾವಣೆ ಮಾಡಿದವರು ಮುಂದಿನ ಬಡಾವಣೆಯ ಒಂದು ಸೈಟನ್ನೂ ನನ್ನ ಕೈಗೆ ಕೊಡಲಿಲ್ಲ. "ನಿನ್ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆ" ಅಂತ ನನ್ನ ಗುರುವಿನಂಥ ಹಿರಿಯ ಬ್ರೋಕರೇ ಅಂದರು. ಎರಡು ವರ್ಷ ಬಾಡಿಗೆ ಮನೆ ಕೊಡಿಸಿಕೊಂಡು ಜೀವನ ನಡೆಸಿದೆ.

ಪಾರ್ಕಿನ ಕಥೆಯನ್ನೂ ಹೇಳಬೇಕು. ಬಡಾವಣೆ ಮಾಡುವಾಗ ಉದ್ಯಾನದ ಜಾಗವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಕೊಡಬೇಕು. ಉದ್ಯಾನ, ಬಯಲು ಜಾಗಗಳನ್ನು ಕಾಪಾಡಲು 1985ರಿಂದ ಒಂದು ಕಾನೂನೂ ಇದೆ. ಕಾಗದದಲ್ಲಿ ಎಲ್ಲ ಇದೆ. ನೆಲದ ಮೇಲೆ ಮಾತ್ರ ಯಾರದೋ ಜಲ್ಲಿ, ಯಾರದೋ ಮರಳು, ಆಮೇಲೆ ಒಂದು ಶೀಟಿನ ಶೆಡ್ಡು. ಅದು ಪಾರ್ಕಿನ ಜಾಗ ಅಂತ ಅಲ್ಲಿರುವ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಖಾಲಿ ಸೈಟು ಅಂದುಕೊಂಡಿದ್ದರು.

ಸಭೆ ಕರೆದರೆ ಎಂಟು ಜನ ಬರುತ್ತಾರೆ. ಗಣಪತಿ ಕೂರಿಸಿದರೆ ಬಡಾವಣೆಯೇ ಬರುತ್ತದೆ. ಹಾಗಾಗಿ ಆ ವರ್ಷ ಮಂಜೂರಾದ ನಕ್ಷೆಯನ್ನು ಆರಡಿ ಫ್ಲೆಕ್ಸ್ ಮಾಡಿಸಿ ಗಣಪತಿ ಪೆಂಡಾಲಿನ ಬಾಗಿಲಲ್ಲಿ ಕಟ್ಟಿಸಿದೆ. ಪಾರ್ಕಿನ ಜಾಗಕ್ಕೆ ಹಸಿರು ಬಣ್ಣ. ಮಂಗಳಾರತಿ ಮುಗಿದ ಮೇಲೆ ಪ್ರಸಾದದ ದೊನ್ನೆ ಹಿಡಿದವರೆಲ್ಲ ಅಲ್ಲಿ ನಿಂತರು. ಮೊದಲು ಎಲ್ಲರೂ ಹುಡುಕಿದ್ದು ಅವರವರ ಮನೆ. "ಇದು ನಮ್ದು, ಇದು ಭಟ್ರದ್ದು." ಆಮೇಲೆ ಒಬ್ಬ ಹುಡುಗಿ ಹಸಿರಿನ ಮೇಲೆ ಬೆರಳಿಟ್ಟು "ಇಲ್ಲಿ ಶೆಡ್ ಇದೆಯಲ್ಲಾ?" ಅಂದಳು. ಎಲ್ಲರ ಕೈಯಲ್ಲಿ ಕೋಸಂಬರಿ ಹಾಗೇ ಉಳಿಯಿತು. ನಾನು ಏನೂ ಮಾತಾಡಲಿಲ್ಲ. ವಿಸರ್ಜನೆಗೆ ಮೊದಲೇ ಅರವತ್ತಕ್ಕೂ ಹೆಚ್ಚು ಸಹಿ ಬಿದ್ದವು. ಶೆಡ್ಡು ಆ ಚಳಿಗಾಲದಲ್ಲೇ ಹೋಯಿತು. ಈಗ ಅಲ್ಲಿ ಹೊಂಗೆ, ನೇರಳೆ ಇವೆ. ನೇರಳೆ ಹಣ್ಣು ಬಿದ್ದು ಬಟ್ಟೆಯೆಲ್ಲ ಕಲೆಯಾಗುತ್ತದೆ ಅಂತ ಹೊಸ ದೂರು ಶುರುವಾಗಿದೆ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಹೊಳೆದಂಡೆಯ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತಲ್ಲ, ಆಮೇಲೆ ಜನ ಸ್ವಲ್ಪ ಬದಲಾದರು. ಅದಕ್ಕೆ ಮೊದಲು ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯ ಮಂಟಪ ಮುಳುಗಿತಾ ಅಂತ ನೋಡಲು ಹೋಗುವುದು ನಮಗೆಲ್ಲ ಒಂದು ಸಂಭ್ರಮ. ಊರಲ್ಲಿ ಬಿಸಿಲಿದ್ದರೂ ಆಗುಂಬೆ, ತೀರ್ಥಹಳ್ಳಿ ಕಡೆ ಹೊಡೆದರೆ ಇಲ್ಲಿ ಹೊಳೆ ಕೆಂಪಾಗಿ ತುಂಬುತ್ತದೆ. ಈಗ ಸೈಟು ಕೇಳುವವರು ವಾಸ್ತು ಆದ ಮೇಲೆ ಎರಡನೇ ಪ್ರಶ್ನೆಯಾಗಿ "ನೀರು ಬರುತ್ತಾ?" ಅನ್ನುತ್ತಾರೆ. ಬೋರ್‌ವೆಲ್ ನೀರು ಅಂತ ತಿಳಿದು ನಾನು ಒಮ್ಮೆ "ಬೇಕಾದಷ್ಟು ಬರುತ್ತೆ" ಅಂದುಬಿಟ್ಟಿದ್ದೆ!

ಹೊಸದಾಗಿ ಈ ಕಸುಬಿಗೆ ಬರುವ ಹುಡುಗರು ಕೇಳುತ್ತಾರೆ, ಏನು ಮಾಡಬೇಕಣ್ಣಾ ಅಂತ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿ ಅನ್ನುತ್ತೇನೆ. ರೇರಾದಲ್ಲಿ ನೋಂದಣಿಯಾದ ಬಡಾವಣೆಯ ಸೈಟು ಮಾರಬೇಕಾದರೆ ಏಜೆಂಟಿಗೂ ನೋಂದಣಿ ಬೇಕೇ ಬೇಕು. ಒಬ್ಬನೇ ಆದರೆ ನಾನು ಕಟ್ಟಿದ್ದು 25 ಸಾವಿರ, ಐದು ವರ್ಷಕ್ಕೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಹಳ್ಳ, ಕೆರೆ ಹತ್ತಿರ ಇದ್ದರೆ ಅಲ್ಲೇ ಅನುಮಾನ ಬರುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅಂತ ಗೊತ್ತಾದರೆ ದೂರ ಇರಿ. ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ, 1978ರ ಕಾನೂನು. ಇದೆಲ್ಲ ಯಾರು ಬೇಕಾದರೂ ಕಲಿಸುತ್ತಾರೆ. ಜಾಗದ ಪಕ್ಕದ ಮನೆಯ ಅಜ್ಜಿಯನ್ನು ಮಾತಾಡಿಸುವುದನ್ನು ಯಾರೂ ಕಲಿಸುವುದಿಲ್ಲ. "ಅಜ್ಜಿ, ಇಲ್ಲಿ ಮುಂಚೆ ಏನಿತ್ತು?" ಅಂತ ಒಂದು ಮಾತು ಕೇಳಿದರೆ ಸಾಕು, ಕಪ್ಪೆ ಎಲ್ಲಿ ಕೂಗುತ್ತಿತ್ತು ಅನ್ನುವುದರವರೆಗೆ ಹೇಳುತ್ತಾರೆ.

ನಾನು ಸೋತದ್ದೂ ಇದೆ. ಬಾಡಿಗೆ ಮನೆ ವಿಷಯದಲ್ಲಿ. ಮಾಲೀಕರು ಮೊದಲು ಕೇಳುವುದು "ಯಾವ ಜನ?" ಅಂತ. ತುಂಬಾ ವರ್ಷ ನಾನೂ ಅದನ್ನೇ ಮೊದಲು ಕೇಳಿ, ಹೊಂದುವವರನ್ನು ಮಾತ್ರ ಕರೆದೊಯ್ಯುತ್ತಿದ್ದೆ. ಸುಲಭ ನೋಡಿ. ಒಮ್ಮೆ ಮೆಗ್ಗಾನ್ ಆಸ್ಪತ್ರೆಯ ಒಬ್ಬ ನರ್ಸ್ ತಾಯಿಯ ಜೊತೆ ಬಂದರು. ನಾಲ್ಕು ಮನೆ ತೋರಿಸಿದೆ. ನಾಲ್ಕೂ ಕಡೆ ಹೆಸರು ಕೇಳಿದ ಮೇಲೆ "ಮಗಳು ವಾಪಸ್ ಬರ್ತಾಳಂತೆ", "ಸುಣ್ಣ ಬಣ್ಣ ಬಾಕಿ ಇದೆ". ಐದನೆಯದಕ್ಕೆ ಹೋಗುವಾಗ ಆ ತಾಯಿ "ನೀವು ಮೊದ್ಲೇ ಹೇಳ್ಬಿಡಿ ಅಣ್ಣ, ಮೆಟ್ಲು ಹತ್ತೋದು ತಪ್ಪುತ್ತೆ" ಅಂದರು. ಕೊನೆಗೆ ನನ್ನ ಅತ್ತಿಗೆಯ ಮನೆಯ ಮಹಡಿ ಕೊಡಿಸಿದೆ. ಆದರೆ ಆ ನಾಲ್ಕು ಮಾಲೀಕರ ಮನೆಗಳನ್ನು ಇವತ್ತಿಗೂ ನಾನೇ ಬಾಡಿಗೆಗೆ ಕೊಡಿಸುತ್ತೇನೆ. ಮೋರಿ ಬಗ್ಗೆ ಬರುವ ಧೈರ್ಯ ಇದರಲ್ಲಿ ಬಂದಿಲ್ಲ.

ಈ ಆಷಾಢದಲ್ಲೂ ಒಂದು ಸೈಟು ತೋರಿಸಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಅವನ ಮಾವ. ಶ್ರಾವಣದಲ್ಲಿ ಬರುತ್ತೇವೆ ಅಂದಿದ್ದರು. ಕೊಳ್ಳುವುದು ಶ್ರಾವಣದಲ್ಲಿ ಕೊಳ್ಳಿ, ನೋಡುವುದು ಈಗಲೇ ನೋಡಿ ಅಂತ ಹಟ ಮಾಡಿ ಕರೆಸಿದೆ. ಸೈಟಿನ ಒಂದು ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು. ಮಾವ ಕೊಡೆ ಕೆಳಗಿನಿಂದ ನನ್ನನ್ನೇ ನೋಡಿ, "ಮಾರೋರು ಯಾರಾದ್ರೂ ಇದನ್ನ ತೋರಿಸ್ತಾರೇನ್ರೀ?" ಅಂದರು. ಎರಡಡಿ ಮಣ್ಣು ಏರಿಸಿದರೆ ಆಗುತ್ತದೆ, ಆ ಖರ್ಚನ್ನು ರೇಟಿನಲ್ಲಿ ಕಳೆಯಲು ಮಾಲೀಕರ ಹತ್ತಿರ ಮಾತಾಡಿದ್ದೇನೆ ಅಂತ ಹೇಳುತ್ತಿದ್ದೆ.

ಅಷ್ಟರಲ್ಲಿ ಮೇಷ್ಟ್ರ ಫೋನು. ರಿಟೈರ್ ಆಗಿ ವರ್ಷಗಳೇ ಆಗಿವೆ, ದನಿ ಇನ್ನೂ ಕ್ಲಾಸಿನಲ್ಲಿ ನಿಂತ ಹಾಗೆ. "ಸ್ಲ್ಯಾಬಿನ ಬಾಯಿಗೆ ಯಾರೋ ಸಿಮೆಂಟ್ ಚೀಲ ಎಸೆದಿದಾರೆ ಕಣ್ರೀ, ನೀರು ಏರ್ತಾ ಇದೆ, ಬೇಗ ಬನ್ನಿ." ಮಾವ, ಅಳಿಯನನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ನಾನು ಮೋರಿಗೆ ಬಗ್ಗಿ ಗುದ್ದಲಿಯಿಂದ ಚೀಲ ಎಳೆಯುತ್ತಿದ್ದರೆ, ಮಾವ ನನ್ನ ಬೆನ್ನಿನ ಮೇಲೆ ಕೊಡೆ ಹಿಡಿದು ನಿಂತಿದ್ದರು.